ಆಟದ ಕಂಟ್ರೋಲರನ್ನು ಕೊಳ್ಳುವ ವಿಚಾರ

ಅರಸೀಕೆರೆಯ ಕಡೆಯ ಒಬ್ಬ ಗೃಹಸ್ಥರು ಈ ಪುಟಕ್ಕೆ ಒಂದು ಪತ್ರವನ್ನು ಬರೆದಿದ್ದಾರೆ. ಅವರಿಗೆ ಇಬ್ಬರು ಮಕ್ಕಳು. ಮನೆಯಲ್ಲಿ ಒಂದು ಕಂಪ್ಯೂಟರು ಉಂಟು. ಹೊಸದಲ್ಲ, ಯಾವುದೋ ಕಚೇರಿಯವರು ಮಾರಿದುದನ್ನು ಕೊಂಡುತಂದದ್ದು. ಹಿರಿಯ ಹುಡುಗನು ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದರೆ ವೀಡಿಯೋ ಆಟದ ಕಂಟ್ರೋಲರನ್ನು ತೆಗೆಸಿಕೊಡುವೆನೆಂದು ತಂದೆಯವರು ಮಾತು ಕೊಟ್ಟಿದ್ದರು. ಹುಡುಗನು ತನ್ನ ಪಾಲಿನದನ್ನು ನಡೆಸಿದ್ದಾನೆ. ಈಗ ಸರದಿ ತಂದೆಯದು. ಪೇಟೆಯಲ್ಲಿ ವಿಚಾರಿಸಿದರೆ ೬೦೦ ರೂಪಾಯಿಗೂ ಒಂದು ಸಿಕ್ಕುತ್ತದೆ, ೬,೦೦೦ ರೂಪಾಯಿಗೂ ಒಂದು ಸಿಕ್ಕುತ್ತದೆ. ಕಣ್ಣಿಗೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. "ನನ್ನ ಕೈಯಲ್ಲಾಗುವುದು ನಾಲ್ಕು ಸಾವಿರ. ಅದನ್ನು ಒಮ್ಮೆ ಖರ್ಚು ಮಾಡಿದ ಮೇಲೆ ಇನ್ನೆರಡು ವರ್ಷ ಈ ಮಾತನ್ನು ಎತ್ತುವ ಹಾಗಿಲ್ಲ. ಯಾವುದನ್ನು ಕೊಳ್ಳಲಿ?" ಎಂಬುದು ಅವರ ಪ್ರಶ್ನೆ.

ಮಕ್ಕಳಿಗೆ ಇಂಥ ಆಟಗಳು ಬೇಕೇ ಎಂದು ಕೇಳುವ ವಾಚಕರು ಕೆಲವರಿದ್ದಾರೆಂದು ಬಲ್ಲೆನು. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಕೊಟ್ಟ ಮಾತನ್ನು ತಂದೆಯಾದವನು ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳುವಾಗ ಹಣವು ನೀರಿನಲ್ಲಿ ಹೋಮವಾಗಬಾರದು. ನನ್ನ ವಿಚಾರವು ಇಷ್ಟರ ಮಟ್ಟಿಗೆ.

ವ್ಯಾಕರಣವನ್ನು ಓದಿದವರಿಗೆ ಕರಣವೆಂಬ ಕಾರಕವು ತಿಳಿದಿರುತ್ತದೆ. ಮರವನ್ನು ಕಡಿಯುವವನು ಬೇರೆ, ಕಡಿಸಿಕೊಳ್ಳುವ ಮರವು ಬೇರೆ. ಇವೆರಡರ ನಡುವೆ ನಿಂತು ಕ್ರಿಯೆಯನ್ನು ಸಾಧಿಸಿಕೊಡುವ ಕೊಡಲಿಯೇ ಕರಣ. ಕಂಟ್ರೋಲರು ಆಟದ ಕರಣ. ಆದುದರಿಂದ ಅದರ ಗುಣದೋಷಗಳನ್ನು ಅದೊಂದನ್ನೇ ಎದುರಿಗಿಟ್ಟುಕೊಂಡು ನಿರ್ಣಯಿಸಲು ಬರುವುದಿಲ್ಲ. ಮುಂದೆ ಇರುವ ಯಂತ್ರ ಯಾವುದು, ಹಿಂದೆ ಇರುವ ಕೈ ಯಾರದು ಎಂಬುದನ್ನು ಮೊದಲು ನೋಡಿ, ಆಮೇಲೆ ಚೀಲದ ಕಡೆಗೆ ನೋಡಬೇಕು. ಅಂಗಡಿಗೆ ಹೋದವರು ಸಾಮಾನ್ಯವಾಗಿ ಬೆಲೆಯಿಂದ ಮೊದಲುಮಾಡುತ್ತಾರೆ. ತೊಂದರೆಗಳು ಅಲ್ಲಿಯೇ ಹುಟ್ಟುತ್ತವೆ.

ಇದಕ್ಕೆ ಒಂದು ನಿದರ್ಶನವನ್ನು ಹೇಳುವೆನು. ನನ್ನೊಡನೆ ಇಪ್ಪತ್ತು ವರ್ಷ ಪಾಠ ಹೇಳಿದ ಗಣಿತದ ಉಪಾಧ್ಯಾಯರೊಬ್ಬರು ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಕಂಟ್ರೋಲರನ್ನು ತಂದರು. ಹುಡುಗನ ಮನೆಯಲ್ಲಿದ್ದುದು ಪ್ಲೇಸ್ಟೇಷನ್ ೫. ಅವರು ತಂದದ್ದು ಪ್ಲೇಸ್ಟೇಷನ್ ೪ಕ್ಕೆ ಮಾಡಿದ್ದು. ಸಾಮಾನು ಅಸಲಿ, ಕಂಪನಿ ಅದೇ, ಬೆಲೆಯೂ ಸ್ವಲ್ಪ ಕಡಮೆ. ಮನೆಗೆ ತಂದು ಜೋಡಿಸಿದರೆ ಯಂತ್ರವು ಅದನ್ನು ಗುರುತಿಸಿತು, ಹಳೆಯ ಆಟವೊಂದು ನಡೆಯಿತು ಸಹ. ಹೊಸ ಆಟವನ್ನು ಹಾಕಿದ ಕೂಡಲೆ, ಇದರಿಂದ ಆಡಲಾಗದೆಂದು ಪರದೆಯ ಮೇಲೆ ಬರಹವು ಬಂದಿತು. ಆ ಯಂತ್ರದ ಏರ್ಪಾಡೇ ಹಾಗೆ: ಹಳೆಯ ಕಂಟ್ರೋಲರಿನಿಂದ ಪ್ಲೇಸ್ಟೇಷನ್ ೪ರ ಆಟಗಳನ್ನು ಆಡಬಹುದು, ೫ರವನ್ನು ಆಡಲಾಗದು. ಬಿಚ್ಚಿದ ಡಬ್ಬಿಯನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಪರವಾಗಿಲ್ಲ ತಾತ, ಹಳೇ ಆಟಾನೇ ಆಡ್ತೀನಿ" ಎಂದು ಹುಡುಗನೇ ಅವರನ್ನು ಸಮಾಧಾನಪಡಿಸಿದನಂತೆ. ಆ ಮಾತು ತಮಗೆ ಹಣ ಹೋದುದಕ್ಕಿಂತಲೂ ಹೆಚ್ಚಾಗಿ ನಾಟಿತೆಂದು ಅವರು ನನ್ನೊಡನೆ ಹೇಳಿದರು.

ಪ್ಲೇಸ್ಟೇಷನ್ನಿನದು ಎಕ್ಸ್‌ಬಾಕ್ಸಿಗೆ ಆಗದು, ಎಕ್ಸ್‌ಬಾಕ್ಸಿನದು ಪ್ಲೇಸ್ಟೇಷನ್ನಿಗೆ ಆಗದು. ಎಕ್ಸ್‌ಬಾಕ್ಸಿನವರು ಮಾತ್ರ ಒಂದು ಉಪಕಾರವನ್ನು ಮಾಡಿದ್ದಾರೆ: ೨೦೧೩ರಲ್ಲಿ ಬಂದ ಎಕ್ಸ್‌ಬಾಕ್ಸ್ ಒನ್ ಯಂತ್ರದ ಕಂಟ್ರೋಲರುಗಳು ೨೦೨೦ರ ಸೀರೀಸ್ ಎಕ್ಸ್, ಸೀರೀಸ್ ಎಸ್ ಯಂತ್ರಗಳಲ್ಲಿಯೂ ನಡೆಯುತ್ತವೆ. ಹೀಗೆ ಕಂಪನಿಯ ಯಂತ್ರವೇ ಮನೆಯಲ್ಲಿದ್ದರೆ ಆಯ್ಕೆಯು ಬಹಳ ಕಿರಿದು. ಯಂತ್ರದ ಹೆಸರನ್ನೂ ಅಂಕೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿಯ ಮೇಲೆ ಅದೇ ಹೆಸರು, ಅದೇ ಅಂಕೆ ಇದೆಯೇ ಎಂದು ನೋಡಿ ಕೊಂಡರಾಯಿತು.

ಕಂಪ್ಯೂಟರಿನ ವಿಚಾರ ಹಾಗಲ್ಲ. ಅದು ಛತ್ರವಿದ್ದಂತೆ, ಬಹುಮಟ್ಟಿಗೆ ಬಂದವರೆಲ್ಲರಿಗೂ ಸ್ಥಳವುಂಟು. ಆದರೆ ಛತ್ರಕ್ಕೂ ಒಂದು ಭಾಷೆ ಇರುತ್ತದೆ. ಮೈಕ್ರೋಸಾಫ್ಟ್ ಕಂಪನಿಯವರು ೨೦೦೫ರಲ್ಲಿ ಎಕ್ಸ್‌ಬಾಕ್ಸ್ ೩೬೦ ಯಂತ್ರವನ್ನು ತಂದಾಗ, ಕಂಟ್ರೋಲರಿನ ಯಾವ ಗುಂಡಿ ಯಾವುದೆಂದು ಆಟಕ್ಕೆ ತಿಳಿಸುವ ಎಕ್ಸ್‌ಇನ್‌ಪುಟ್ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ವಿಂಡೋಸಿನಲ್ಲಿ ಆಡುವ ಈಚಿನ ಆಟಗಳು ಬಹುತೇಕ ಇದನ್ನೇ ಅಪೇಕ್ಷಿಸುತ್ತವೆ. ಇದಕ್ಕೆ ಮುಂಚಿನ ಡೈರೆಕ್ಟ್‌ಇನ್‌ಪುಟ್ ಪದ್ಧತಿಯನ್ನು ಮಾತ್ರ ಬಲ್ಲ ಅಗ್ಗದ ಕಂಟ್ರೋಲರುಗಳು ಈಗಲೂ ಮಾರಾಟಕ್ಕಿವೆ. ಅವನ್ನು ಜೋಡಿಸಿದರೆ ಕೆಲವು ಆಟಗಳು ಅವನ್ನು ಕಾಣುವುದೇ ಇಲ್ಲ. ಕೆಲವದರಲ್ಲಿ ಓಡು ಎಂದರೆ ಹಾರುವುದೂ, ಹಾರು ಎಂದರೆ ಸುಮ್ಮನಿರುವುದೂ ನಡೆಯುತ್ತದೆ. ಸ್ಟೀಮ್ ಎಂಬ ಆಟದಂಗಡಿಯ ಮೂಲಕ ಆಡುವವರಿಗೆ ಅಲ್ಲಿಯೇ ಭಾಷಾಂತರದ ಏರ್ಪಾಡುಂಟು; ಪ್ಲೇಸ್ಟೇಷನ್ನಿನ ಕಂಟ್ರೋಲರು ಸಹ ಅದರಿಂದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಉಳಿದವರು ಡಬ್ಬಿಯ ಮೇಲೆ ಎಕ್ಸ್‌ಇನ್‌ಪುಟ್ ಎಂಬ ಹೆಸರನ್ನು ಹುಡುಕಿಯೇ ಕೊಳ್ಳತಕ್ಕದ್ದು.

ತಂತಿಯದೋ, ತಂತಿಯಿಲ್ಲದ್ದೋ? ಹುಡುಗರು ತಂತಿಯಿಲ್ಲದ್ದನ್ನು ಕೇಳುತ್ತಾರೆ, ನೋಟಕ್ಕೆ ಚೆಂದವೆಂದು. ತಂತಿಯಿಲ್ಲದವುಗಳಲ್ಲಿ ಎರಡು ಜಾತಿ. ಬ್ಲೂಟೂತಿನಿಂದ ನಡೆಯುವುದು ಒಂದು. ಹೆಬ್ಬೆರಳಿನ ಉಗುರಿನಷ್ಟು ತುಂಡೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿ ನಡೆಸುವುದು ಇನ್ನೊಂದು. ಎರಡನೆಯದರಲ್ಲಿ ಗುಂಡಿಯನ್ನು ಒತ್ತುವುದಕ್ಕೂ ಪರದೆಯ ಮೇಲೆ ಫಲವು ಕಾಣುವುದಕ್ಕೂ ನಡುವಣ ವಿಳಂಬವು ಸಾಮಾನ್ಯವಾಗಿ ಕಡಮೆ. ಮೇಜಿನ ಮೇಲಿಡುವ ಹಳೆಯ ಕಂಪ್ಯೂಟರುಗಳಲ್ಲಿ ಅನೇಕದಕ್ಕೆ ಬ್ಲೂಟೂತ್ ಇರುವುದಿಲ್ಲವೆಂಬುದನ್ನು ಮರೆಯಬಾರದು. ಕಂಪ್ಯೂಟರಿನ ಮುಂದೆಯೇ ಕುರ್ಚಿ ಹಾಕಿಕೊಂಡು ಆಡುವವನಿಗೆ ತಂತಿಯು ಏನು ಅಡ್ಡಿ ಮಾಡೀತು? ಚಾರ್ಜು ಮುಗಿಯಿತೆಂಬ ಗೋಳಿಲ್ಲ, ಒಳಗಿನ ಬ್ಯಾಟರಿ ಮುಪ್ಪಾಯಿತೆಂಬ ಗೋಳಿಲ್ಲ, ಬೆಲೆಯೂ ಇಳಿಯುತ್ತದೆ. ನಡುಮನೆಯ ಟೀವಿಯೆದುರು ಹತ್ತಡಿ ದೂರದಲ್ಲಿ ಕುಳಿತು ಆಡುವ ಮನೆಗಳಲ್ಲಿ ಮಾತ್ರ, ಅಜ್ಜಿಯವರು ತಂತಿಯನ್ನು ಎಡವಿಯಾರೆಂಬ ಕಾರಣದಿಂದ, ತಂತಿಯಿಲ್ಲದ್ದು ಲೇಸು. ಎಕ್ಸ್‌ಬಾಕ್ಸಿನ ಸಾಧಾರಣ ಕಂಟ್ರೋಲರು ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತದೆ. ಇದನ್ನು ಹಳೆಯ ಕಾಲದ್ದೆಂದು ಹಳಿಯುವವರುಂಟು. ನಾನು ಹಳಿಯೆನು. ಸೆಲ್ಲನ್ನು ಬದಲಾಯಿಸುವುದು ಮನೆಯವರಿಗೆಲ್ಲ ಬರುತ್ತದೆ. ಒಳಗೆ ಹುದುಗಿಸಿದ ಬ್ಯಾಟರಿಯನ್ನು ಬದಲಾಯಿಸಲು ರಿಪೇರಿಯವನೇ ಬೇಕು.

ಕೇಬಲಿನ ವಿಷಯದಲ್ಲಿ ಒಂದು ಸಣ್ಣ ಮಾತು. ಕೆಲವು ಕೇಬಲುಗಳು ವಿದ್ಯುತ್ತನ್ನು ಮಾತ್ರ ಒಯ್ಯುತ್ತವೆ, ಸಮಾಚಾರವನ್ನು ಒಯ್ಯುವುದಿಲ್ಲ. ಮನೆಯಲ್ಲಿ ಬಿದ್ದಿರುವ ಮೊಬೈಲಿನ ಕೇಬಲನ್ನು ಸಿಕ್ಕಿಸಿ, ಕಂಟ್ರೋಲರು ಕೆಟ್ಟಿದೆಯೆಂದು ಅಂಗಡಿಗೆ ಓಡುವ ಮೊದಲು ಇನ್ನೊಂದು ಕೇಬಲನ್ನು ಹಾಕಿ ನೋಡಬೇಕು.

ಮೊಬೈಲಿನಲ್ಲಿ ಆಡುವವರಿಗೆ ನಾನು ಹೇಳತಕ್ಕದ್ದು ಸ್ವಲ್ಪವೇ. ಫೋನಿಗೆ ಕಂಟ್ರೋಲರು ಜೋಡಿಯಾದೊಡನೆಯೇ ಆಟವೂ ಅದನ್ನು ಒಪ್ಪಿತೆಂದು ಅರ್ಥವಲ್ಲ. ಬೆರಳಿನಿಂದ ಆಡುವುದಕ್ಕೆಂದೇ ರಚಿಸಿದ ಆಟಗಳು ಬಹಳ. ಆಡಬೇಕೆಂದಿರುವ ಆಟದ ಹೆಸರನ್ನು ಹಿಡಿದು ವಿಚಾರಿಸಿದ ಹೊರತು ಹಣವನ್ನು ಬಿಚ್ಚಬೇಡಿರಿ. ಕಂಪ್ಯೂಟರಿನಲ್ಲಿಯೂ ಸೈನ್ಯವನ್ನು ನಡೆಸುವ, ಊರನ್ನು ಕಟ್ಟುವ ಆಟಗಳಿಗೆ ಮೌಸೇ ಮೇಲು. ಚೆಂಡಾಟ, ಕ್ರಿಕೆಟ್ಟು, ಕಾರಿನ ಓಟ, ಹಾರುವ ಓಡುವ ಆಟ, ಇವುಗಳಿಗೆ ಕಂಟ್ರೋಲರು ಒಪ್ಪುತ್ತದೆ. ಕಾರಿನ ಆಟವೇ ಮುಖ್ಯವಾದರೆ ತೋರುಬೆರಳಿನ ಕೆಳಗಿನ ಕುದುರೆಗಳು ಎಷ್ಟು ಒತ್ತಿದರೆ ಅಷ್ಟು ವೇಗ ಕೊಡುವಂಥವಾಗಿರಬೇಕು. ಒತ್ತಿದರೆ ಪೂರ್ಣ, ಬಿಟ್ಟರೆ ಶೂನ್ಯ ಎನ್ನುವಂಥವು ಬೇಡ.

ಇನ್ನು ಕೈ. ಹತ್ತು ವರ್ಷದ ಹುಡುಗಿಯ ಕೈಗೂ ಅವಳಣ್ಣನ ಕೈಗೂ ಒಂದೇ ಅಳತೆ ಹಿಡಿಸುವುದಿಲ್ಲ. ಸಾಧ್ಯವಾದರೆ ಆಡುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಹಿಡಿಸಿ ನೋಡಬೇಕು. ಹೆಬ್ಬೆರಳು ಚಾಚದೆ ಕೋಲಿಗೂ ಗುಂಡಿಗಳಿಗೂ ಮುಟ್ಟಿದರೆ ಸರಿ. ಗುಂಡಿಗಳ ಹೆಸರಿನಲ್ಲಿಯೂ ಒಂದು ವಿನೋದವುಂಟು. ಎಕ್ಸ್‌ಬಾಕ್ಸಿನಲ್ಲಿ ಎ ಎಂಬ ಗುಂಡಿಯು ಕೆಳಗೆ, ಬಿ ಎಂಬುದು ಬಲಕ್ಕೆ. ಜಪಾನಿನ ನಿಂಟೆಂಡೋದವರಲ್ಲಿ ಎ ಬಲಕ್ಕೆ, ಬಿ ಕೆಳಗೆ. ಪ್ಲೇಸ್ಟೇಷನ್ನಿನವರು ಅಕ್ಷರಗಳ ಗೊಡವೆಯೇ ಬೇಡವೆಂದು ತ್ರಿಕೋಣ, ಚೌಕ, ವೃತ್ತ, ಗುಣಾಕಾರ ಚಿಹ್ನೆಗಳನ್ನು ಬರೆದಿದ್ದಾರೆ. ಒಂದು ಲಿಪಿಯಲ್ಲಿ ಕೈ ಪಳಗಿದ ಹುಡುಗನಿಗೆ ಇನ್ನೊಂದನ್ನು ತಂದುಕೊಟ್ಟರೆ ಕೆಲವು ದಿನ ತಡಬಡಾಯಿಸುತ್ತಾನೆ. ಪರಿಚಯವಾದುದನ್ನೇ ಕೊಡಿಸುವುದು ಒಳ್ಳೆಯದು.

ಎಲ್ಲ ಮಕ್ಕಳ ಕೈಗಳೂ ಒಂದೇ ತೆರನಾಗಿ ಒಗ್ಗುವುದಿಲ್ಲ. ನಮ್ಮ ಬೀದಿಯಲ್ಲಿ ಒಂದು ಹೆಣ್ಣುಮಗು ಇದೆ. ಎಡಗೈಯ ಬೆರಳುಗಳು ಅದಕ್ಕೆ ಸ್ವಾಧೀನವಿಲ್ಲ. ಅಣ್ಣಂದಿರು ಎಕ್ಸ್‌ಬಾಕ್ಸಿನಲ್ಲಿ ಆಡುವಾಗ ಅದು ಗೋಡೆಗೊರಗಿ ನೋಡುತ್ತ ಕುಳಿತಿರುತ್ತಿತ್ತು. ಇಂಥವರಿಗಾಗಿ ಮೈಕ್ರೋಸಾಫ್ಟಿನವರು ೨೦೧೮ರಲ್ಲಿ ಅಡಾಪ್ಟಿವ್ ಕಂಟ್ರೋಲರ್ ಎಂಬುದನ್ನು ತಂದರು. ಅದರ ಮೇಲೆ ತಟ್ಟೆಯಷ್ಟು ಅಗಲದ ಎರಡು ಗುಂಡಿಗಳಿವೆ. ಹಿಂದುಗಡೆ ಸಾಲಾಗಿ ರಂಧ್ರಗಳಿವೆ. ಕಾಲಿನಿಂದಲೋ ಮೊಣಕೈಯಿಂದಲೋ ಒತ್ತುವ ಬೇರೆ ಬೇರೆ ಗುಂಡಿಗಳನ್ನು ಅವುಗಳಿಗೆ ಸಿಕ್ಕಿಸಿಕೊಳ್ಳಬಹುದು. ಸೋನಿಯವರು ೨೦೨೩ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ೫ಕ್ಕೆ ಆ್ಯಕ್ಸೆಸ್ ಎಂಬ ಇದೇ ಉದ್ದೇಶದ ಕಂಟ್ರೋಲರನ್ನು ಹೊರತಂದರು. ಇವು ಎಲ್ಲರ ಚೀಲಕ್ಕೆ ಎಟುಕುವ ವಸ್ತುಗಳಲ್ಲ. ಆದರೆ ಎಕ್ಸ್‌ಬಾಕ್ಸ್ ಯಂತ್ರದಲ್ಲಿ ೨೦೧೭ರಿಂದ ಒಂದು ಸೌಲಭ್ಯವಿದೆ. ಕೋಪೈಲಟ್ ಎಂಬ ಹೆಸರಿನಿಂದ ಅದು ಮೊದಲು ಬಂದಿತು. ಎರಡು ಕಂಟ್ರೋಲರುಗಳನ್ನು ಜೋಡಿಸಿದರೆ ಯಂತ್ರವು ಅವೆರಡನ್ನೂ ಒಂದೆಂದು ಎಣಿಸುತ್ತದೆ. ಈಗ ಆ ಮನೆಯಲ್ಲಿ ಅಣ್ಣನು ಒಂದನ್ನು ಹಿಡಿದು ಕಾರಿನ ವೇಗವನ್ನು ನೋಡಿಕೊಳ್ಳುತ್ತಾನೆ. ತಂಗಿಯು ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ತಿರುವುಗಳನ್ನು ತಿರುಗಿಸುತ್ತಾಳೆ. ಇದಕ್ಕಾಗಿ ಅವರು ಒಂದು ಕಾಸನ್ನೂ ಹೆಚ್ಚು ಕೊಟ್ಟಿಲ್ಲ, ಎರಡು ಕಂಟ್ರೋಲರುಗಳು ಮನೆಯಲ್ಲಿ ಮೊದಲೇ ಇದ್ದುವು. ಗಾಡಿ ಗೋಡೆಗೆ ಹೊಡೆದಾಗ ತಪ್ಪು ಯಾರದೆಂಬ ಜಗಳವು ಮಾತ್ರ ಬೀದಿಗೆಲ್ಲ ಕೇಳುತ್ತದೆ.

ಈಗ ಮುಖ್ಯಾಂಶಕ್ಕೆ ಬರುವೆನು. ಕಂಟ್ರೋಲರಿನಲ್ಲಿ ಮೊದಲು ಕೆಡುವುದು ಯಾವುದು? ಗುಂಡಿಗಳಲ್ಲ, ದೀಪಗಳಲ್ಲ, ಹೆಬ್ಬೆರಳಿನಿಂದ ಅತ್ತಿತ್ತ ಬಾಗಿಸುವ ಕಿರುಗೋಲು. ನನ್ನ ತಂಗಿಯ ಮಗನು ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ರಿಪೇರಿಯ ಕೆಲಸದಲ್ಲಿದ್ದಾನೆ. ಅವನು ನನ್ನೆದುರಿಗೆ ಒಂದನ್ನು ಬಿಚ್ಚಿಟ್ಟು, "ನೋಡಿ ಮಾವ, ನಿಮ್ಮ ಹಳೇ ರೇಡಿಯೋದಲ್ಲಿದ್ದದ್ದೇ ಇದರಲ್ಲೂ ಇರೋದು" ಎಂದನು. ನಿಜವೇ. ಹಳೆಯ ರೇಡಿಯೋದಲ್ಲಿ ಧ್ವನಿಯನ್ನು ಏರಿಸುವ ಗುಂಡಿಯು ಕೆಲವು ವರ್ಷಗಳಾದ ಮೇಲೆ ತಿರುಗಿಸಿದಾಗಲೆಲ್ಲ ಕರಕರ ಸದ್ದು ಮಾಡುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಅದರೊಳಗೆ ಇಂಗಾಲವನ್ನು ಬಳಿದ ಒಂದು ದಾರಿ. ಆ ದಾರಿಯ ಮೇಲೆ ಉಜ್ಜುತ್ತ ಸರಿಯುವ ಲೋಹದ ಒಂದು ನಾಲಗೆ. ನಾಲಗೆಯು ಎಲ್ಲಿ ನಿಂತಿದೆಯೆಂಬುದರಿಂದ ವಿದ್ಯುತ್ತಿನ ಪ್ರಮಾಣವು ನಿರ್ಣಯವಾಗುತ್ತದೆ. ಕಂಟ್ರೋಲರಿನ ಪ್ರತಿಯೊಂದು ಕೋಲಿನ ಕೆಳಗೂ ಇಂಥವು ಎರಡಿವೆ: ಎಡಬಲಗಳಿಗೊಂದು, ಮೇಲುಕೆಳಗಿಗೊಂದು. ಉಜ್ಜಿ ಉಜ್ಜಿ ಇಂಗಾಲವು ಸವೆಯುತ್ತದೆ, ಸವೆದ ಪುಡಿಯೂ ಹೊರಗಿನ ಧೂಳೂ ಅಲ್ಲಿಯೇ ನಿಲ್ಲುತ್ತವೆ. ಆಗ ಕೋಲನ್ನು ಯಾರೂ ಮುಟ್ಟದಿದ್ದರೂ ಅದು ಬಾಗಿದೆಯೆಂದು ಯಂತ್ರವು ಭ್ರಮಿಸುತ್ತದೆ. ಪರದೆಯ ಮೇಲಿನ ಆಟಗಾರನು ತನ್ನಷ್ಟಕ್ಕೆ ತಾನೇ ಒಂದು ಕಡೆಗೆ ನಡೆಯಲು ತೊಡಗುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು ಡ್ರಿಫ್ಟ್ ಎನ್ನುತ್ತಾರೆ.

ಈ ರೋಗವು ಅಗ್ಗದ ಸಾಮಾನಿಗೆ ಮಾತ್ರ ಬರುವುದೆಂದು ಎಣಿಸಬಾರದು. ನಿಂಟೆಂಡೋದವರ ಸ್ವಿಚ್ ಯಂತ್ರದ ಜಾಯ್‌ಕಾನ್‌ಗಳು ಹೀಗೆ ಸರಿಯುತ್ತವೆಂದು ಅಮೆರಿಕದಲ್ಲಿ ೨೦೧೯ರಲ್ಲಿ ಗ್ರಾಹಕರು ದಾವೆಯನ್ನೇ ಹೂಡಿದರು. ೨೦೨೦ರಲ್ಲಿ ಆ ಕಂಪನಿಯ ಅಧ್ಯಕ್ಷರಾದ ಶುಂಟಾರೋ ಫುರುಕಾವಾ ಅವರು ಗ್ರಾಹಕರಿಗಾದ ತೊಂದರೆಗಾಗಿ ಕ್ಷಮೆಯನ್ನು ಕೋರಿದರು. ಐದಾರು ಸಾವಿರ ಬೆಲೆಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಸಾಧಾರಣ ಕಂಟ್ರೋಲರುಗಳಲ್ಲಿಯೂ ಉಜ್ಜುವ ನಾಲಗೆಯೇ ಇರುವುದು.

ಇದಕ್ಕೆ ಪರಿಹಾರವು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡುಹಿಡಿದ ಒಂದು ತತ್ತ್ವದಲ್ಲಿದೆ. ೧೮೭೯ರಲ್ಲಿ ಅಮೆರಿಕದಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿಯು, ವಿದ್ಯುತ್ತು ಹರಿಯುತ್ತಿರುವ ತೆಳು ತಗಡಿಗೆ ಅಯಸ್ಕಾಂತದ ಬಲವನ್ನು ಅಡ್ಡಲಾಗಿ ತಾಗಿಸಿದರೆ ತಗಡಿನ ಎರಡು ಅಂಚುಗಳ ನಡುವೆ ವೋಲ್ಟೇಜು ಹುಟ್ಟುತ್ತದೆಂಬುದನ್ನು ಕಂಡನು. ಕೋಲಿನ ಬುಡಕ್ಕೆ ಚಿಕ್ಕ ಅಯಸ್ಕಾಂತವನ್ನು ಕಟ್ಟಿ, ಎದುರಿಗೆ ಈ ಸಂವೇದಕವನ್ನಿಟ್ಟರೆ ಕೋಲು ಎತ್ತ ಬಾಗಿತೆಂಬುದು ಮುಟ್ಟದೆಯೇ ತಿಳಿಯುತ್ತದೆ. ಮುಟ್ಟುವುದಿಲ್ಲವಾದುದರಿಂದ ಅಲ್ಲಿ ಸವೆಯುವುದೂ ಇಲ್ಲ. ಜಪಾನಿನ ಸೇಗಾ ಕಂಪನಿಯು ೧೯೯೮ರಲ್ಲಿ ತಂದ ಡ್ರೀಮ್‌ಕಾಸ್ಟ್ ಯಂತ್ರದ ಕಂಟ್ರೋಲರಿನಲ್ಲಿಯೇ ಈ ಉಪಾಯವಿತ್ತು. ಆಮೇಲೆ ಬಂದವರು ಬಹುಕಾಲ ಅದನ್ನು ಬಿಟ್ಟರು. ಈಗ ಎಯ್ಟ್‌ಬಿಟ್‌ಡೋ, ಗೇಮ್‌ಸರ್, ಗುಲಿಕಿಟ್ ಮುಂತಾದ ಚೀನಾ ದೇಶದ ಕಂಪನಿಗಳು ಹಾಲ್ ಕೋಲುಗಳಿರುವ ಕಂಟ್ರೋಲರುಗಳನ್ನು ಸಾಧಾರಣ ಬೆಲೆಗೇ ಮಾರುತ್ತಿವೆ. ಟಿ.ಎಂ.ಆರ್. ಎಂದು ಬರೆದಿದ್ದರೆ ಅದೂ ಅಯಸ್ಕಾಂತದ ಪದ್ಧತಿಯೇ, ಇನ್ನೂ ಈಚಿನದು.

ಎಚ್ಚರಿಕೆಯ ಮಾತು ಒಂದಿದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹಾಲ್ ಎಂದು ಬರೆದು, ಒಳಗೆ ಬೆರಳಿನ ಕುದುರೆಗಳಿಗೆ ಮಾತ್ರ ಅದನ್ನು ಅಳವಡಿಸಿ, ಕೋಲುಗಳನ್ನು ಹಳೆಯ ಪದ್ಧತಿಯಲ್ಲಿಯೇ ಬಿಟ್ಟಿರುವುದುಂಟು. ಕೋಲುಗಳಿಗೆ ಹಾಲ್ ಇದೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಇದ್ದ ಮಾತ್ರಕ್ಕೆ ಅಮರತ್ವವೂ ಬಾರದು. ಒಳಗಿನ ಸ್ಪ್ರಿಂಗು ಸಡಿಲವಾಗಬಹುದು, ಗುಂಡಿಯ ಕೆಳಗಿನ ರಬ್ಬರು ಹರಿಯಬಹುದು. ಹೆಚ್ಚಾಗಿ ಬರುವ ರೋಗವೊಂದು ತಪ್ಪಿತೆಂದು ಮಾತ್ರ ತಿಳಿಯಬೇಕು.

ಬೆಲೆಯ ವಿಚಾರ. ಸಾವಿರ ರೂಪಾಯಿಗೆ ಕೆಳಗಿನದು ಆಟಿಕೆಯೆಂದು ತಿಳಿಯುವುದು ಕ್ಷೇಮ. ಅದರಲ್ಲಿಯೂ, ಪ್ಲೇಸ್ಟೇಷನ್ನಿನ ಹೆಸರನ್ನೂ ಚಿಹ್ನೆಗಳನ್ನೂ ಹೊತ್ತು ಅಸಲಿನ ಐದನೆಯ ಒಂದು ಪಾಲು ಬೆಲೆಗೆ ಸಿಕ್ಕುವ ನಕಲಿ ಸಾಮಾನುಗಳು ಪೇಟೆಯಲ್ಲಿ ಯಥೇಚ್ಛವಾಗಿವೆ. "ಫಸ್ಟ್ ಕಾಪಿ ಸಾರ್" ಎಂದು ಅಂಗಡಿಯವನು ಹೇಳುವ ಮಾತಿನಲ್ಲಿಯೇ ಸತ್ಯವು ಅಡಗಿದೆ. ಒಂದೂವರೆಯಿಂದ ಮೂರೂವರೆ ಸಾವಿರದೊಳಗೆ ಕಂಪ್ಯೂಟರಿಗೆ ಬೇಕಾದುದೆಲ್ಲವೂ ಸಿಕ್ಕುತ್ತದೆ. ಐದಾರು ಸಾವಿರವನ್ನು ಕಂಪನಿಯ ಯಂತ್ರವಿದ್ದವರು ಕೊಡಬೇಕಾಗುವುದು, ಬೇರೆ ದಾರಿಯಿಲ್ಲ. ಅದಕ್ಕೂ ಮೇಲೆ ಹಿಂಬದಿಯ ಹೆಚ್ಚುವರಿ ಗುಂಡಿಗಳು, ಬದಲಾಯಿಸುವ ಕೋಲುಗಳು ಮುಂತಾದ ಭೋಗಗಳಿವೆ. ಸೋನಿಯವರು ೨೦೨೩ರ ಜನವರಿಯಲ್ಲಿ ತಂದ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಕೆಟ್ಟ ಕೋಲಿನ ಭಾಗವನ್ನು ಮನೆಯಲ್ಲಿಯೇ ಕಳಚಿ ಹೊಸದನ್ನು ಹಾಕಿಕೊಳ್ಳಬಹುದು. ಇಂಥ ಉಪಕಾರವು ಬಡವನ ಸಾಮಾನಿಗೆ ಮೊದಲು ಬರಬೇಕಾಗಿತ್ತು. ಬಂದದ್ದು ಸಿರಿವಂತನ ಸಾಮಾನಿಗೆ. ಹೊಳೆಯುವ ಬಣ್ಣದ ದೀಪಗಳಿಗಾಗಿ ಮಾತ್ರ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿರಿ.

ಅರಸೀಕೆರೆಯ ಮಹನೀಯರಿಗೆ ನನ್ನ ಉತ್ತರವು ಇದು. ತಮ್ಮದು ಕಂಪ್ಯೂಟರು, ಅದೂ ಹಳೆಯದು. ಬ್ಲೂಟೂತಿನ ಆಸೆಯನ್ನು ಬಿಟ್ಟುಬಿಡಿ. ಎಕ್ಸ್‌ಇನ್‌ಪುಟ್ ಉಳ್ಳ, ಕೋಲುಗಳಿಗೆ ಹಾಲ್ ಸಂವೇದಕವಿರುವ, ತಂತಿಯ ಕಂಟ್ರೋಲರೊಂದನ್ನು ಆರಿಸಿಕೊಳ್ಳಿ. ಅಂಥದು ತಮ್ಮ ಹಣದಲ್ಲಿ ಸುಖವಾಗಿ ಬರುತ್ತದೆ. ಎರಡು ಸಾವಿರದೊಳಗೆ ಸಿಕ್ಕಿತೆಂದರೆ ಎರಡನ್ನೇ ಕೊಂಡುಬಿಡಿ. ತಾವು ಮಾತು ಕೊಟ್ಟದ್ದು ಹಿರಿಯವನಿಗೆ ಮಾತ್ರವಾದರೂ, ಒಂದು ಕಂಟ್ರೋಲರು ಇಬ್ಬರು ಮಕ್ಕಳು ಇರುವ ಮನೆಯಲ್ಲಿ ನ್ಯಾಯಾಧಿಪತಿಯ ಕೆಲಸವು ತಾಯಿಯ ತಲೆಗೆ ಬರುತ್ತದೆ. ಒಬ್ಬನಿಗೆ ರಾಜಯೋಗ್ಯವಾದ ಒಂದಕ್ಕಿಂತ ಇಬ್ಬರಿಗೂ ಸಾಧಾರಣವಾದ ಎರಡು ಮೇಲೆಂಬುದೇ ನನ್ನ ಅಭಿಪ್ರಾಯ.

ತಂದ ದಿನವೇ ಪರೀಕ್ಷಿಸಿರಿ. ಕಂಪ್ಯೂಟರಿಗೆ ಜೋಡಿಸಿ, ವಿಂಡೋಸಿನ ಹುಡುಕುವ ಸ್ಥಳದಲ್ಲಿ ಇಂಗ್ಲಿಷಿನ ಜೆ, ಓ, ವೈ, ಒಂದು ಚುಕ್ಕೆ, ಸಿ, ಪಿ, ಎಲ್ ಎಂದು ಬಿಡುವಿಲ್ಲದೆ ಬರೆದು ಒತ್ತಿದರೆ ಒಂದು ಕಿಟಕಿಯು ತೆರೆಯುತ್ತದೆ. ಅಲ್ಲಿ ಕಂಟ್ರೋಲರಿನ ಹೆಸರನ್ನು ಆರಿಸಿ ಅದರ ಗುಣಗಳನ್ನು ತೆರೆದರೆ ಚೌಕದೊಳಗೆ ಒಂದು ಸಣ್ಣ ಕೂಡುವ ಚಿಹ್ನೆಯು ಕಾಣುವುದು. ಕೋಲನ್ನು ಬಿಟ್ಟಾಗ ಅದು ನಡುವೆ ಅಲುಗದೆ ನಿಲ್ಲಬೇಕು. ಕೋಲನ್ನು ಮೆಲ್ಲಗೆ ಸುತ್ತ ತಿರುಗಿಸಿದರೆ ಎಲ್ಲಿಯೂ ನೆಗೆಯದೆ ಅಂಚಿನುದ್ದಕ್ಕೂ ಸಾಗಬೇಕು. ಒಂದೊಂದೇ ಗುಂಡಿಯನ್ನು ಒತ್ತಿ, ಒಂದೊಂದೇ ದೀಪವು ಬೆಳಗುವುದನ್ನು ನೋಡಿರಿ. ಹಿಂದಿರುಗಿಸುವ ಗಡುವು ಹತ್ತು ದಿನವಿದ್ದರೆ ಒಂಬತ್ತನೆಯ ದಿನ ಇನ್ನೊಮ್ಮೆ ಇದೇ ಪರೀಕ್ಷೆಯನ್ನು ಮಾಡಿ, ಅಲ್ಲಿಯವರೆಗೆ ಡಬ್ಬಿಯನ್ನೂ ಬಿಲ್ಲನ್ನೂ ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿ ಇಡತಕ್ಕದ್ದು.